ಫೋಟೋದಲ್ಲಿದ್ದ ಕಾರು ಹೇಳಿದ್ದು

ಕೊಪ್ಪದ ಹತ್ತಿರದ ನಮ್ಮ ತವರುಮನೆಯ ಜಗಲಿಯಲ್ಲಿ, ಗೋಡೆ ಗಡಿಯಾರದ ಪಕ್ಕ, ಒಂದು ಕಪ್ಪು ಬಿಳುಪು ಫೋಟೋ ಇದೆ. ಕಚ್ಚೆಪಂಚೆ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು, ತಲೆಗೆ ಕರಿ ಟೋಪಿ ಧರಿಸಿದ ಯುವಕರೊಬ್ಬರು ಪುಟ್ಟ ಕಾರೊಂದರ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ನಿಂತಿದ್ದಾರೆ. ನಾವು ಚಿಕ್ಕವರಿದ್ದಾಗಿನಿಂದ ಅದು ಅಜ್ಜನ ಫೋಟೋ. ಅಜ್ಜ ತೀರಿಕೊಂಡಾಗ ಅಪ್ಪನಿಗೆ ಮೂರು ವರ್ಷ. ತಮ್ಮ ತಂದೆಯ ಮುಖ ಎಂದರೆ ಅಪ್ಪನಿಗೆ ಈ ಫೋಟೋದ ಮುಖವೇ. ಪ್ರತಿವರ್ಷ ಶ್ರಾದ್ಧದ ದಿನ ಅದನ್ನು ಕೆಳಗಿಳಿಸಿ, ಗಾಜು ಒರೆಸಿ, ಹಾರ ಹಾಕಿ ಮತ್ತೆ ಮೊಳೆಗೆ ತೂಗುಹಾಕುವುದು ಅಪ್ಪನ ಕೆಲಸ. ಬೇರೆ ಯಾರಿಗೂ ಬಿಟ್ಟುಕೊಟ್ಟವರಲ್ಲ.

ಹೋದ ಬೇಸಿಗೆ ರಜೆಯಲ್ಲಿ ಹೈಸ್ಕೂಲು ಓದುವ ನನ್ನ ಮಗಳಿಗೆ ಶಾಲೆಯಲ್ಲಿ 'ನಮ್ಮ ಕುಟುಂಬದ ಇತಿಹಾಸ' ಎಂಬ ಪ್ರಾಜೆಕ್ಟ್ ಕೊಟ್ಟಿದ್ದರು. ಅವಳು ಆ ಫೋಟೋದ ಮುಂದೆ ನಿಂತು ಕೇಳಿದ ಪ್ರಶ್ನೆ ನಾವ್ಯಾರೂ ಎಪ್ಪತ್ತು ವರ್ಷಗಳಲ್ಲಿ ಕೇಳಿರಲಿಲ್ಲ: "ಅಮ್ಮಾ, ಈ ಕಾರು ಯಾವುದು?"

ಮನೆಯಲ್ಲಿದ್ದ ಗಂಡಸರೆಲ್ಲ ಒಂದೊಂದು ಉತ್ತರ ಕೊಟ್ಟರು. ಒಬ್ಬರು ಆಸ್ಟಿನ್ ಎಂದರು. ಇನ್ನೊಬ್ಬರು ಹಿಂದೂಸ್ಥಾನ್ ಎಂದರು. ನನ್ನ ಅಣ್ಣನಂತೂ ಫಿಯೆಟ್ ಎಂದು ಬಾಜಿ ಕಟ್ಟಲು ಸಿದ್ಧನಾದ. ಹಳೆಯ ಕಾರಿನ ವಿಷಯದಲ್ಲಿ ನಮ್ಮ ಜನ ಯಾರೂ 'ಗೊತ್ತಿಲ್ಲ' ಎನ್ನುವುದಿಲ್ಲ!

ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದೊಂದು ಫೋಟೋ ಇರಬಹುದು. ಮದುವೆ ದಿಬ್ಬಣದ ಮುಂದೆ ಹೂವಿನ ಹಾರ ಹಾಕಿದ ಕಾರು, ಎಸ್ಟೇಟಿನ ದೊರೆಯ ಕಾರಿನ ಸುತ್ತ ನಿಂತ ರೈಟರು-ಮೇಸ್ತ್ರಿಗಳು, ಊರ ಡಾಕ್ಟರರ ಕಾರಿನ ಫುಟ್‌ಬೋರ್ಡಿನ ಮೇಲೆ ಕುಳಿತ ಮಕ್ಕಳು. ಫೋಟೋದ ಹಿಂದೆ ತಾರೀಖು ಬರೆಯುವ ಅಭ್ಯಾಸ ನಮ್ಮ ಹಿರಿಯರಿಗೆ ಇದ್ದದ್ದು ಅಪರೂಪ. ಹೆಸರು ಬರೆದವರೂ ಕಡಿಮೆ. ಆದರೆ ಮನುಷ್ಯರು ಹೇಳದೆ ಹೋದ ತಾರೀಖನ್ನು ಅವರ ಪಕ್ಕದಲ್ಲಿ ನಿಂತ ಕಾರು ಎಷ್ಟೋ ಸಲ ಹೇಳಿಬಿಡುತ್ತದೆ. ಅದನ್ನು ಕೇಳುವ ಬಗೆ ತಿಳಿದಿರಬೇಕು, ಅಷ್ಟೇ.

ಹೆಸರಿಗಿಂತ ಮೊದಲು ಕಾಲ

ಎಲ್ಲರೂ ಮಾಡುವ ತಪ್ಪೆಂದರೆ ಮೊದಲೇ ಕಂಪನಿಯ ಹೆಸರು ಹಿಡಿಯಲು ಹೋಗುವುದು. ಹೆಸರು ಆಮೇಲೆ. ಮೊದಲು ಕಾಲ ಯಾವುದೆಂದು ನೋಡಬೇಕು. ಸೀರೆಯ ಅಂಚು, ಕುಪ್ಪಸದ ತೋಳಿನ ಉದ್ದ ನೋಡಿ ಅಜ್ಜಿಯಂದಿರು ಫೋಟೋದ ಕಾಲ ಹೇಳುವುದಿಲ್ಲವೇ? ಕಾರಿಗೂ ಹಾಗೆಯೇ ಉಡುಪಿನ ಫ್ಯಾಷನ್ನು ಇದೆ.

ಮೊದಲು ದೀಪ ನೋಡಿ. ಆರಂಭದ ಕಾರುಗಳಲ್ಲಿ ಹಿತ್ತಾಳೆಯ ದೊಡ್ಡ ದೀಪಗಳಿದ್ದು, ಕಾರ್ಬೈಡಿಗೆ ನೀರು ಹನಿಸಿದಾಗ ಹುಟ್ಟುವ ಅಸೆಟಿಲಿನ್ ಅನಿಲದಿಂದ ಉರಿಯುತ್ತಿದ್ದವು. ಜಾತ್ರೆಯ ಕಾರ್ಬೈಡ್ ದೀಪದ ಒಳಗುಟ್ಟೂ ಅದೇ. 1910ರ ದಶಕದ ನಡುವೆ ವಿದ್ಯುತ್ ದೀಪ ಬಂತು. 1930ರ ದಶಕದವರೆಗೂ ಹೆಡ್‌ಲೈಟುಗಳು ಕಪ್ಪೆಯ ಕಣ್ಣಿನಂತೆ ಹೊರಗೆ, ಪ್ರತ್ಯೇಕವಾಗಿ ನಿಂತಿರುತ್ತವೆ. ಆ ದಶಕದ ಕೊನೆಯ ಹೊತ್ತಿಗೆ ಒಂದೊಂದೇ ಕಂಪನಿ ಅವನ್ನು ಮಡ್‌ಗಾರ್ಡಿನೊಳಗೆ ಹುದುಗಿಸತೊಡಗಿತು. ಬ್ರಿಟನ್ನಿನ ಮಾರಿಸ್ ಎಯ್ಟ್ ಕಾರು ಇದಕ್ಕೆ ಒಳ್ಳೆಯ ಉದಾಹರಣೆ: 1935ರಿಂದ 38ರವರೆಗಿನ ಮಾದರಿಯಲ್ಲಿ ದೀಪ ಹೊರಗಿದೆ, 1938ರ ಕೊನೆಗೆ ಬಂದ 'ಇ' ಸರಣಿಯಲ್ಲಿ ಒಳಗೆ ಸೇರಿದೆ.

ಆಮೇಲೆ ಚಕ್ರ. ಎತ್ತಿನ ಗಾಡಿಯಂತೆ ಮರದ ದಪ್ಪ ಅರಗಳಿದ್ದರೆ ಬಹುಮಟ್ಟಿಗೆ 1920ರ ದಶಕ ಅಥವಾ ಅದಕ್ಕೂ ಹಿಂದಿನದು. ಸೈಕಲ್ಲಿನಂಥ ತಂತಿ ಕಡ್ಡಿಗಳು 1930ರ ದಶಕದ ನಡುವಿನವರೆಗೆ ಸಾಮಾನ್ಯ. ಅನಂತರ ಒತ್ತಿದ ಉಕ್ಕಿನ ತಟ್ಟೆ ಚಕ್ರ. ಸ್ಪೇರ್ ಚಕ್ರ ಮುಂದಿನ ಮಡ್‌ಗಾರ್ಡಿನಲ್ಲಿ ತಗ್ಗು ಮಾಡಿ ಕೂರಿಸಿದ್ದರೆ ಅದು 1920-30ರ ದಶಕಗಳ ಶ್ರೀಮಂತರ ಷೋಕಿ. ಅಂದಹಾಗೆ, ನಾವು ದಿನನಿತ್ಯ ಹೇಳುವ 'ಸ್ಟೆಪ್ನಿ' ಎಂಬ ಮಾತು ಬಂದದ್ದು ವೇಲ್ಸ್ ಪ್ರಾಂತ್ಯದ ಲನೆಥ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ. ಅಲ್ಲಿನ ಅಂಗಡಿಯೊಂದು 1904ರಲ್ಲಿ ಈ ಹೆಚ್ಚುವರಿ ಚಕ್ರವನ್ನು ಮಾರಲು ಆರಂಭಿಸಿತು. ಇಂಗ್ಲಿಷರು ಆ ಪದವನ್ನು ಮರೆತು ಎಷ್ಟೋ ಕಾಲವಾಯಿತು. ನಮ್ಮ ಲಾರಿ ಕ್ಲೀನರು ಮರೆತಿಲ್ಲ.

ಫುಟ್‌ಬೋರ್ಡು ಇದೆಯೋ ಇಲ್ಲವೋ, ಮುಂಗಾಜು ಒಂದೇ ತುಂಡೋ ನಡುವೆ ಪಟ್ಟಿಯಿದ್ದು ಎರಡು ತುಂಡೋ, ಮಡ್‌ಗಾರ್ಡು ಬೇರೆಯಾಗಿ ಉಬ್ಬಿದೆಯೋ ಬಾಗಿಲಿನೊಂದಿಗೆ ಬೆರೆತು ಹೋಗಿದೆಯೋ ನೋಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ, ಫುಟ್‌ಬೋರ್ಡು ಕಣ್ಮರೆಯಾಗುತ್ತ ಹೋಗಿ ಇಡೀ ಕಾರು ಒಂದೇ ಸೋಪಿನ ತುಂಡಿನಂತೆ ನಯವಾಗುತ್ತದೆ. ಇಷ್ಟನ್ನು ನೋಡಿದರೆ ಸಾಕು, ಹತ್ತು ವರ್ಷಗಳ ಒಳಗೆ ಕಾಲ ಸಿಕ್ಕಿಬಿಡುತ್ತದೆ. ಇನ್ನು ಹೆಸರಿಗೆ ಹೋಗಬಹುದು.

ಮುಖವೇ ಗುರುತು

ಕಾರಿಗೆ ಮುಖವೆಂದರೆ ರೇಡಿಯೇಟರು. ಹಳೆಯ ಕಾಲದಲ್ಲಿ ಒಂದೊಂದು ಕಂಪನಿಯೂ ಅದಕ್ಕೆ ತನ್ನದೇ ಆಕಾರ ಕೊಟ್ಟು ಅದನ್ನು ಮನೆತನದ ಗುರುತಿನಂತೆ ಕಾಪಾಡಿಕೊಂಡಿತ್ತು. ರೋಲ್ಸ್ ರಾಯ್ಸಿನದು ಗ್ರೀಕ್ ದೇವಾಲಯದ ಮುಖಮಂಟಪದಂತೆ. ಮೇಲೆ 1911ರಿಂದ ಮುಂದೆ ಬಾಗಿದ ಹೆಣ್ಣಿನ ಪುಟ್ಟ ಪ್ರತಿಮೆ. ಷೆವರ್ಲೆಗೆ 1914ರ ಸುಮಾರಿನಿಂದ ಬೋ ಟೈ ಆಕಾರದ ಲಾಂಛನ. ಹಳೆಯ ಡಾಡ್ಜ್ ಕಾರಿನ ಮೇಲೆ ಒಂದರೊಳಗೊಂದು ಹೆಣೆದ ಎರಡು ತ್ರಿಕೋನಗಳು, ನಮ್ಮ ರಂಗೋಲಿಯ ಆರು ಮೂಲೆಯ ನಕ್ಷತ್ರದಂತೆ.

ನಮ್ಮ ಕಡೆಯ ಹಳೆಯ ಫೋಟೋಗಳಲ್ಲಿ ಫೋರ್ಡ್ ಸಿಗುವ ಸಂಭವ ಹೆಚ್ಚು. ಅದರ 'ಟಿ' ಮಾದರಿ 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮೀರಿ ತಯಾರಾಯಿತು. ಬ್ರಿಟಿಷ್ ಸಾಮ್ರಾಜ್ಯದ ದೇಶಗಳಿಗೆ ಫೋರ್ಡ್ ಬರುತ್ತಿದ್ದದ್ದು ಹೆಚ್ಚಾಗಿ ಕೆನಡಾದ ಕಂಪನಿಯ ಮೂಲಕ. ಹತ್ತೊಂಬತ್ತು ವರ್ಷ ಒಂದೇ ಕಾರನ್ನು ಮಾಡಿದರೆ ಗುರುತು ಹಿಡಿಯುವುದು ಹೇಗೆ ಎನ್ನುವಿರಾ? ರೇಡಿಯೇಟರಿನ ಚೌಕಟ್ಟು ಹಿತ್ತಾಳೆಯದಾಗಿ ಹೊಳೆಯುತ್ತಿದ್ದರೆ 1916 ಅಥವಾ ಹಿಂದಿನ ಮಾದರಿ. 1917ರಿಂದ ಕಪ್ಪು ಬಣ್ಣದ ಉಕ್ಕಿನ ಕವಚ. ಕಪ್ಪು ಬಿಳುಪು ಫೋಟೋದಲ್ಲೂ ಹಿತ್ತಾಳೆಯ ಹೊಳಪು ಮುಚ್ಚಿಡಲಾಗದು. ಅದರ ನಂತರ ಬಂದ 'ಎ' ಮಾದರಿ 1927ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಇದರಲ್ಲೂ ಒಂದು ಸ್ವಾರಸ್ಯವಿದೆ: 1928-29ರ ಕಾರಿನ ಚಕ್ರ 21 ಇಂಚಿನದು, 1930-31ರದು 19 ಇಂಚು. ಎರಡು ಇಂಚಿನ ವ್ಯತ್ಯಾಸ ಫೋಟೋದಲ್ಲಿ ಕಾಣುವುದೇ? ಸ್ಕೇಲು ಹಿಡಿದು ಅಳೆದರೆ ಕಾಣುತ್ತದೆ.

ಸ್ಕೇಲಿನ ಮಾತು ಬಂತಲ್ಲ, ಇದು ವಿದ್ಯಾರ್ಥಿಗಳು ಮಾಡಿ ನೋಡಬಹುದಾದ ಲೆಕ್ಕ. ಕಾರು ಪಕ್ಕದಿಂದ ನೇರವಾಗಿ ಕಾಣುವ ಫೋಟೋ ಆಗಿದ್ದರೆ, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ದೂರವನ್ನು ಅಳೆಯಿರಿ. ಅದನ್ನು ಟೈರಿನ ಎತ್ತರದಿಂದ ಭಾಗಿಸಿ. ಫೋಟೋ ಎಷ್ಟೇ ಚಿಕ್ಕದಿರಲಿ, ಎಷ್ಟೇ ದೊಡ್ಡದು ಮಾಡಿರಲಿ, ಈ ಅನುಪಾತ ಬದಲಾಗದು. ಕಾರು ಓರೆಯಾಗಿ ನಿಂತಿದ್ದರೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಆಗ ಪಕ್ಕದಲ್ಲಿ ನಿಂತ ಮನುಷ್ಯನ ಎತ್ತರವೇ ಗತಿ. ಎದೆಯವರೆಗೂ ಬಾರದ ಕಾರಾದರೆ 'ಬೇಬಿ ಆಸ್ಟಿನ್' ಎಂದು ಕರೆಸಿಕೊಂಡ ಆಸ್ಟಿನ್ ಸೆವೆನ್ ನೆನಪಾಗಬೇಕು. 1922ರಲ್ಲಿ ಹುಟ್ಟಿ 1939ರವರೆಗೆ ಬದುಕಿದ ಈ ಕಾರಿನ ಎರಡು ಚಕ್ರಗಳ ನಡುವಿನ ದೂರ ಆರಂಭದಲ್ಲಿ ಆರೂಕಾಲು ಅಡಿ ಮಾತ್ರ!

ಫೋಟೋ ಮಾತ್ರವಲ್ಲ, ಕೆಲವು ಮನೆಗಳಲ್ಲಿ ಕಾರಿನ ತುಂಡುಗಳೇ ಉಳಿದಿರುತ್ತವೆ. ಗೆಳತಿಯೊಬ್ಬಳ ಮನೆಯಲ್ಲಿ ಅವಳ ಅಜ್ಜಿ ಎಲೆಯಡಿಕೆಯ ಸುಣ್ಣಕ್ಕೆ ಬಳಸುತ್ತಿದ್ದ ಪುಟ್ಟ ಲೋಹದ ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕಿದಾಗ ತಳದಲ್ಲಿ 'ಫೋರ್ಡ್' ಎಂಬ ಬಾಗುಬರಹ ಕಾಣಿಸಿತು. ಅದು ಮರದ ಚಕ್ರದ ನಡುವೆ ತಿರುಗಿಸಿ ಕೂರಿಸುವ ಮುಚ್ಚಳ. ಕಾರು ಗುಜರಿಗೆ ಹೋಗಿ ಎಷ್ಟು ಕಾಲವಾಗಿತ್ತೋ, ಸುಣ್ಣ ಮಾತ್ರ ಅದರಲ್ಲೇ ಇತ್ತು.

ಇಲ್ಲಿಯ ಕಾರು, ಇಲ್ಲಿಯ ನಂಬರು

ಹೊರದೇಶದ ಪುಸ್ತಕಗಳನ್ನು ನೋಡಿ ಗುರುತು ಹಿಡಿಯುವಾಗ ನಮ್ಮ ದೇಶದ ಕಥೆ ಸ್ವಲ್ಪ ಬೇರೆ ಎಂಬುದನ್ನು ಮರೆಯಬಾರದು. ಫೋರ್ಡ್ 1926ರಲ್ಲಿ, ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಕೆಲಸ ಶುರು ಮಾಡಿದವು. ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಇಲ್ಲಿ ಜೋಡಿಸಿ ಮಾರಲಾಗುತ್ತಿತ್ತು. ಷೆವರ್ಲೆ, ಬ್ಯೂಕ್, ಫೋರ್ಡ್ ವಿ-8 ಎಲ್ಲ ಊರೂರಿಗೆ ಬಂದದ್ದು ಹೀಗೆ. ಸ್ವಾತಂತ್ರ್ಯದ ನಂತರ, 1953ರಲ್ಲಿ ಸುಂಕ ಆಯೋಗ ಒಂದು ಮುಖ್ಯ ಶಿಫಾರಸು ಮಾಡಿತು: ಬರೀ ಜೋಡಿಸುವವರಿಗಲ್ಲ, ಇಲ್ಲೇ ತಯಾರಿಸುವ ಯೋಜನೆ ಇದ್ದವರಿಗೆ ಮಾತ್ರ ಅವಕಾಶ. ಆ ಎರಡು ಕಂಪನಿಗಳೂ ಗಂಟುಮೂಟೆ ಕಟ್ಟಿದವು. ಆದ್ದರಿಂದ 1950ರ ದಶಕದ ನಡುವಿನ ನಂತರದ ಹೊಸ ಕಾರು ಎಂದರೆ ಹೆಚ್ಚುಕಡಿಮೆ ಮೂರೇ ಮನೆತನ: ಕಲ್ಕತ್ತೆಯ ಬಳಿಯ ಉತ್ತರಪಾರಾದ ಹಿಂದೂಸ್ಥಾನ್, ಮುಂಬಯಿಯ ಪ್ರೀಮಿಯರ್ (ಅಂದರೆ ಫಿಯೆಟ್), ಮದರಾಸಿನ ಸ್ಟ್ಯಾಂಡರ್ಡ್.

ಆಯ್ಕೆ ಕಡಿಮೆಯಾದರೆ ಕೆಲಸ ಸುಲಭ ಎಂದುಕೊಳ್ಳಬೇಡಿ. ಅಂಬಾಸಡರ್ 1957ರಲ್ಲಿ ಬಂದು 2014ರವರೆಗೂ ತಯಾರಾಯಿತು! ಬಾನೆಟ್ಟಿನ ಮೇಲಿನ ಗೆರೆಗಳು, ಹಿಂದೆ ಸಣ್ಣದಾಗಿ ಎದ್ದ ರೆಕ್ಕೆಗಳು ಇದ್ದರೆ ಅಂಬಾಸಡರ್. ಹಿಂಭಾಗ ರೆಕ್ಕೆಯಿಲ್ಲದೆ ಉರುಟಾಗಿದ್ದರೆ ಅದರ ಅಣ್ಣನಾದ ಲ್ಯಾಂಡ್‌ಮಾಸ್ಟರ್. ಮುಂದಿನ ಜಾಲರಿಯಲ್ಲಿ ಸಣ್ಣ ಚೌಕಳಿಯಿದ್ದರೆ 1960ರ ದಶಕದಲ್ಲಿ ಬಂದ ಮಾರ್ಕ್-2, ಅಡ್ಡಪಟ್ಟಿಗಳಿದ್ದರೆ 1970ರ ದಶಕದ ಮಾರ್ಕ್-3. ಹಳೆಯ ಫಿಯೆಟ್ 1100ರಲ್ಲಿ ಮುಂದಿನ ಬಾಗಿಲು ಹಿಂದುಮುಂದಾಗಿ ತೆರೆದುಕೊಳ್ಳುತ್ತಿತ್ತು. ನಮ್ಮಣ್ಣ ಬಾಜಿಯಿಂದ ಹಿಂದೆ ಸರಿದದ್ದು ಈ ಬಾಗಿಲಿನ ಹಿಡಿಕೆ ನೋಡಿದ ಮೇಲೆಯೇ.

ನಂಬರ್ ಪ್ಲೇಟು ಓದಲು ಸಿಕ್ಕರೆ ಪುಣ್ಯ. 1939ರ ಮೋಟಾರು ವಾಹನ ಕಾಯ್ದೆಯ ನಂತರ ಮೈಸೂರು ಸೀಮೆಯ ಗಾಡಿಗಳ ನಂಬರು 'ಎಂವೈ' ಅಕ್ಷರಗಳಿಂದ ಆರಂಭವಾಗುತ್ತಿತ್ತು. ಇಂದಿನ 'ಕೆಎ' ಬಂದದ್ದು 1989ರ ಜುಲೈನಿಂದ. ಆದರೆ ಫೋಟೋ ತೆಗೆಯುವಾಗ ಜನ ಸರಿಯಾಗಿ ನಂಬರ್ ಪ್ಲೇಟಿನ ಮುಂದೆಯೇ ಕಾಲಿಟ್ಟು ನಿಲ್ಲುತ್ತಾರೆ. ನಮ್ಮ ಫೋಟೋದಲ್ಲೂ 'ಎಂವೈ' ಎಂಬಷ್ಟು ಕಂಡು ಉಳಿದದ್ದೆಲ್ಲ ಪಂಚೆಯ ಮರೆಗೆ ಹೋಗಿದೆ.

ಇನ್ನೊಂದು ಎಚ್ಚರಿಕೆ. ಸ್ಟಿಯರಿಂಗ್ ಎಡಗಡೆ ಕಂಡರೆ ಕೂಡಲೇ 'ಅಮೆರಿಕದಿಂದ ತರಿಸಿದ್ದು' ಎಂದು ತೀರ್ಮಾನಿಸಬೇಡಿ. ನೆಗೆಟಿವ್ ತಿರುಗಿಸಿಟ್ಟು ಮುದ್ರಿಸಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಗಂಡಸರ ಕೋಟಿನ ಗುಂಡಿ, ಹೆಂಗಸರ ಸೆರಗು ಯಾವ ಕಡೆ ಇದೆ ಎಂದು ನೋಡಿದರೆ ಗುಟ್ಟು ರಟ್ಟಾಗುತ್ತದೆ. ಸೆರಗು ಎಡ ಹೆಗಲ ಮೇಲಿರಬೇಕು. ಕೊಡಗಿನವರ ಮನೆಯ ಫೋಟೋಕ್ಕೆ ಮಾತ್ರ ಈ ಪರೀಕ್ಷೆ ನಡೆಯದು. ಅವರ ಸೆರಗು ಬಲ ಹೆಗಲಿಗೇ ಬರುತ್ತದೆ!

ಆಚೆ ಹೇಳುತ್ತದೆ, ಈಚೆ ಹೇಳದು

ಇಷ್ಟರಲ್ಲಿ ಮಗಳು ಫೋಟೋವನ್ನು ಮೊಬೈಲಿನಲ್ಲಿ ಹಿಗ್ಗಿಸಿ, ಬೆಂಗಳೂರಿನ ನಮ್ಮ ಬೀದಿಯ ಹಳೆಯ ಗ್ಯಾರೇಜಿನ ಯಜಮಾನರಿಗೆ ತೋರಿಸಿದ್ದಳು. ಅವರು ಕನ್ನಡಕ ಹಾಕಿಕೊಳ್ಳುವ ಮೊದಲೇ "ಮಾರಿಸ್ ಮೈನರ್ ಕಣಮ್ಮಾ" ಎಂದರಂತೆ. ಹೇಗೆ ಗೊತ್ತು ಎಂದಾಗ ಬಾನೆಟ್ಟಿನ ನಡುವಿನ ಪಟ್ಟಿಯನ್ನು ತೋರಿಸಿದರು.

ಆ ಪಟ್ಟಿಯ ಹಿಂದೆ ಒಂದು ಕಥೆಯಿದೆ. ಮಾರಿಸ್ ಮೈನರಿನ ವಿನ್ಯಾಸಕಾರ ಅಲೆಕ್ ಇಸಿಗೋನಿಸ್. ಮುಂದೆ 1959ರಲ್ಲಿ 'ಮಿನಿ' ಕಾರನ್ನು ಕೊಟ್ಟವರೂ ಅವರೇ. ಮೈನರಿನ ಮೊದಲ ಮಾದರಿ ಸಿದ್ಧವಾದ ಮೇಲೆ ಅವರಿಗೆ ಯಾಕೋ ಅದು ತೀರ ಕಿರಿದಾಯಿತು ಎನಿಸಿತು. ಕಾರನ್ನು ಉದ್ದಕ್ಕೆ ಎರಡಾಗಿ ಸೀಳಿಸಿ, ಎರಡು ಹೋಳುಗಳನ್ನು ದೂರ ಸರಿಸುತ್ತ ಹೋದರು. ನಾಲ್ಕು ಇಂಚು ಸರಿಸಿದಾಗ ಕಣ್ಣಿಗೆ ಒಪ್ಪಿತು. ಆ ನಾಲ್ಕಿಂಚನ್ನು ತುಂಬಿಸಿದ ಪಟ್ಟಿ ಬಾನೆಟ್ಟಿನ ಮೇಲೆ ಕೊನೆಯವರೆಗೂ ಉಳಿದುಬಿಟ್ಟಿತು. ಈ ಕಾರು 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಬೆಳಕು ಕಂಡಿತು. ನಮ್ಮ ಹಿಂದೂಸ್ಥಾನ್ ಮೋಟಾರ್ಸ್ ಕೂಡ ಇದನ್ನು 'ಬೇಬಿ ಹಿಂದೂಸ್ಥಾನ್' ಎಂಬ ಹೆಸರಿನಲ್ಲಿ ಹೊರತಂದಿತ್ತು.

ಇಲ್ಲಿಗೆ ಪ್ರಾಜೆಕ್ಟ್ ಮುಗಿಯಬಹುದಿತ್ತು. ಆದರೆ ಗ್ಯಾರೇಜಿನವರು ಮಾತು ಮುಂದುವರಿಸಿ, "ಮುಂದಿನ ಜಾಲರಿ ನೋಡು, ಅದು ಬದಲಾಗಿದೆ" ಎಂದಿದ್ದರು. ಮೊದಲ ಮೈನರುಗಳಲ್ಲಿ ಜಾಲರಿ ಸಣ್ಣಸಣ್ಣ ಕಿಂಡಿಗಳದು. ಇಂಗ್ಲೆಂಡಿನ ಹವ್ಯಾಸಿಗಳು ಅದನ್ನು ಚೀಸ್ ತುರಿಯುವ ಮಣೆ ಎಂದು ತಮಾಷೆ ಮಾಡುತ್ತಾರೆ. 1954ರ ಅಕ್ಟೋಬರಿನಲ್ಲಿ ಅದನ್ನು ತೆಗೆದು ಅಗಲವಾದ ಅಡ್ಡಪಟ್ಟಿಗಳನ್ನು ಹಾಕಿದರು. ಮುಂಗಾಜು ಮಾತ್ರ ಇನ್ನೂ ಎರಡು ತುಂಡಿನದೇ ಆಗಿತ್ತು. 1956ರ ಅಕ್ಟೋಬರಿನಲ್ಲಿ ಬಂದ 'ಮೈನರ್ 1000' ಮಾದರಿಯಲ್ಲಿ ಅದೂ ಒಂದೇ ತುಂಡಾಯಿತು. ನಮ್ಮ ಜಗಲಿಯ ಫೋಟೋದಲ್ಲಿ ಮುಂಗಾಜಿನ ನಡುವೆ ಪಟ್ಟಿಯಿದೆ. ಜಾಲರಿಯಲ್ಲಿ ಅಡ್ಡಪಟ್ಟಿಗಳಿವೆ, ಒಂದೊಂದಾಗಿ ಎಣಿಸಬಹುದು.

ಇಲ್ಲಿ ಒಂದು ಸೂಕ್ಷ್ಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕಾರು ಫೋಟೋದ ಕಾಲದ ಬಗ್ಗೆ ಒಂದೇ ಕಡೆಯ ಸಾಕ್ಷಿ ಹೇಳುತ್ತದೆ. 1930ರ ಫೋರ್ಡ್ ಕಾರು 1955ರ ಮದುವೆಗೂ ಬಾಡಿಗೆಗೆ ಬಂದಿರಬಹುದು. ನಮ್ಮಲ್ಲಿ ಕಾರನ್ನು ಪ್ರಾಣ ಹೋಗುವವರೆಗೂ ಓಡಿಸುತ್ತಾರೆ. ಕಂಪನಿಯವರೂ ಇಂಗ್ಲೆಂಡಿನಲ್ಲಿ ಬಿಟ್ಟ ಮಾದರಿಯನ್ನು ಇಲ್ಲಿ ವರ್ಷಗಟ್ಟಲೆ ಮಾಡಿದ್ದುಂಟು. ಆದ್ದರಿಂದ 'ಈ ವರ್ಷದ ಆಚೆಗೆ ಫೋಟೋ ತೆಗೆದಿರಲಾರರು' ಎಂದು ಕಾರು ನೋಡಿ ಹೇಳಲು ಬಾರದು. ಆದರೆ ಇನ್ನೂ ಹುಟ್ಟದ ಕಾರಿನ ಪಕ್ಕದಲ್ಲಿ ಯಾರೂ ನಿಲ್ಲಲಾರರು. 'ಈ ವರ್ಷಕ್ಕಿಂತ ಹಿಂದಿನದಲ್ಲ' ಎಂಬುದನ್ನು ಮಾತ್ರ ಅದು ಖಚಿತವಾಗಿ ಹೇಳುತ್ತದೆ. ಭೂಮಿ ಅಗೆಯುವ ಪುರಾತತ್ವ ಇಲಾಖೆಯವರು ಪದರದಲ್ಲಿ ಸಿಕ್ಕ ನಾಣ್ಯದಿಂದ ಕಾಲ ಕಟ್ಟುವುದೂ ಇದೇ ತರ್ಕದಿಂದ.

ಹಾಗಾದರೆ ನಮ್ಮ ಫೋಟೋ 1954ರ ಕೊನೆಗಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ಅಜ್ಜ ತೀರಿಕೊಂಡದ್ದು ಯಾವಾಗ? ಹಳೆಯ ಪಂಚಾಂಗವೊಂದರ ಅಂಚಿನಲ್ಲಿ ಪುರೋಹಿತರು ಬರೆದಿಟ್ಟ ಸಾಲು ಮನೆಯಲ್ಲಿದೆ: ಖರ ಸಂವತ್ಸರ, ಕಾರ್ತಿಕ ಮಾಸ. ಮಗಳು ಲೆಕ್ಕ ಹಾಕಿದಳು. 2011ರ ಯುಗಾದಿಗೆ ಬಂದದ್ದು ಖರ ಸಂವತ್ಸರ. ಅರವತ್ತು ವರ್ಷ ಹಿಂದಕ್ಕೆ ಹೋದರೆ 1951.

ಮೂರು ವರ್ಷದ ಅಂತರ. ಅವಳು ಎರಡು ಸಲ, ನಾನು ಎರಡು ಸಲ ಲೆಕ್ಕ ಮಾಡಿದೆವು. ಫೋಟೋ ತಿರುಗುಮುರುಗಾಗಿದೆಯೇ ನೋಡಿದೆವು. ಕಾರು ಬೇರೆ ಇರಬಹುದೇ ಎಂದು ಗ್ಯಾರೇಜಿನವರನ್ನು ಇನ್ನೊಮ್ಮೆ ಕೇಳಿದೆವು. ಜಾಲರಿಯನ್ನು ಆಮೇಲೆ ಯಾರಾದರೂ ಬದಲಾಯಿಸಿರಬಹುದಲ್ಲ ಎಂದೂ ವಾದ ಹೂಡಿದೆ. "ಬದಲಾಯಿಸಿರ್ಲಿ ಬಿಡಿ, ಆ ಜಾಲರಿನಾದ್ರೂ ಐವತ್ನಾಲ್ಕಕ್ಕಿಂತ ಮುಂಚೆ ಎಲ್ಲಿಂದ ತರ್ತಿದ್ರು?" ಎಂದರು ಅವರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

"ಅಮ್ಮಾ, ಇದನ್ನ ಅಜ್ಜಂಗೆ ಹೇಳ್ಬೇಕಾ?" ಎಂದು ಮಗಳು ಕೇಳಿದಳು.

ದೊಡ್ಡತ್ತೆಯ ಮಾತು

ಹೇಳದೆ ಇರುವುದೇ ಒಳ್ಳೆಯದೆಂದು ನನಗೆ ಎರಡು ವಾರ ಅನಿಸಿತ್ತು. ಎಪ್ಪತ್ತೇಳರ ವಯಸ್ಸಿನಲ್ಲಿ ಅವರಿಂದ ಅವರ ತಂದೆಯ ಮುಖವನ್ನು ಕಿತ್ತುಕೊಳ್ಳುವುದು ಯಾವ ನ್ಯಾಯ? ಆದರೆ ಪ್ರಾಜೆಕ್ಟ್ ಹೇಗೆ ನಡೆಯುತ್ತಿದೆ ಎಂದು ಅಪ್ಪನೇ ದಿನಾ ಫೋನಿನಲ್ಲಿ ಮೊಮ್ಮಗಳನ್ನು ಕೇಳುತ್ತಿದ್ದರು. ಸುಳ್ಳು ಹೇಳು ಎಂದು ಮಗುವಿಗೆ ಹೇಳಿಕೊಡುವುದು ನನ್ನಿಂದಾಗಲಿಲ್ಲ. ಊರಿಗೆ ಹೋಗಿ, ಫೋಟೋ ಕೆಳಗಿಳಿಸಿ, ಭೂತಗನ್ನಡಿ ಕೊಟ್ಟು ಅವಳೇ ತೋರಿಸಿದಳು. ಅಪ್ಪ ಬಹಳ ಹೊತ್ತು ಜಾಲರಿಯನ್ನು ನೋಡಿದರು. ಮುಖವನ್ನು ನೋಡಲಿಲ್ಲ.

ಆಮೇಲೆ ಎದ್ದು ತೀರ್ಥಹಳ್ಳಿಯಲ್ಲಿರುವ ತಮ್ಮ ಅಕ್ಕನಿಗೆ ಫೋನ್ ಮಾಡಿದರು. ದೊಡ್ಡತ್ತೆಗೆ ಈಗ ಎಂಬತ್ತೇಳು. ಅಜ್ಜ ಹೋದಾಗ ಹದಿಮೂರು ವರ್ಷದ ಹುಡುಗಿ. ಕಿವಿ ಮಂದವಾದ್ದರಿಂದ ಜೋರಾಗಿ ಮಾತಾಡುತ್ತಾರೆ. ಜಗಲಿಯಲ್ಲಿದ್ದ ನಮಗೆಲ್ಲ ಕೇಳಿಸಿತು.

"ಅದು ಚಿಕ್ಕಯ್ಯ ಅಲ್ದನಾ? ಡಾಕ್ಟ್ರ ಕಾರಿನ ಹತ್ರ ನಿಂತದ್ದು. ಅಪ್ಪಯ್ಯ ಅಂತ ನಿಂಗೆ ಯಾರು ಹೇಳಿದ್ದು?"

ಯಾರು ಹೇಳಿದ್ದು? ಅಪ್ಪನಿಗೆ ನೆನಪಿಲ್ಲ. ದೊಡ್ಡತ್ತೆ ಅಷ್ಟರೊಳಗೆ ಮದುವೆಯಾಗಿ ಗಂಡನ ಮನೆಗೆ ಹೋಗಿದ್ದರು. ಬಂದು ಹೋಗುವಾಗ ಆ ಫೋಟೋ ನೋಡಿದ್ದರೂ ಅವರ ಪಾಲಿಗೆ ಅದು ಚಿಕ್ಕಯ್ಯನ ಫೋಟೋ, ಹಾರ ಹಾಕಿದ್ದನ್ನು ಕಂಡವರಲ್ಲ. ಅಣ್ಣ ತಮ್ಮ ಇಬ್ಬರಿಗೂ ಒಂದೇ ಮೂಗು, ಒಂದೇ ನಿಲುವು ಎಂದರು. ಸ್ವಲ್ಪ ತಡೆದು, "ನೀ ಸಣ್ಣಕ್ಕಿದ್ದಾಗ ಅಮ್ಮನ ಹತ್ರ ಕೇಳಿರ್ಬೇಕು ಮಾರಾಯ. ಅವಳು ಹೂಂ ಅಂದಿರ್ಬೇಕು. ಮತ್ತೆಂತ ಹೇಳ್ತಾಳೆ?" ಎಂದರು.

ಅಪ್ಪ ಫೋನ್ ಇಟ್ಟರು. ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಆ ದಿನ ಊಟದ ನಂತರ ಎಂದಿನಂತೆ ಮಲಗಲೂ ಇಲ್ಲ.

ನಾಲ್ಕು ದಿನದ ನಂತರ ದೊಡ್ಡತ್ತೆಯೇ ಫೋನ್ ಮಾಡಿ, ಅಪ್ಪಯ್ಯನ ಫೋಟೋ ಒಂದಿತ್ತು, ಬಸ್ಸಿನ ಮುಂದೆ ನಿಂತದ್ದು, ಹುಡುಕಿಸುತ್ತೇನೆ ಎಂದರು. ಅದು ಸಿಕ್ಕಿದ್ದು ಅವರ ಪೆಟ್ಟಿಗೆಯ ತಳದಲ್ಲಿ, ಹಳೆಯ ಪಾತ್ರೆಪಟ್ಟಿಯ ಲೆಕ್ಕದ ಪುಸ್ತಕದೊಳಗೆ. ಅಂಗೈಯಷ್ಟು ದೊಡ್ಡದು. ಒಂದು ಮೂಲೆ ಗೆದ್ದಲು ತಿಂದಿದೆ.

ಇಂಥ ಫೋಟೋ ಸಿಕ್ಕಾಗ ಹೇಗೆ ನಡೆದುಕೊಳ್ಳಬೇಕೆಂದು ನಾವು ಅನುಭವದಿಂದ ಕಲಿತದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಒದ್ದೆ ಬಟ್ಟೆಯಿಂದ ಒರೆಸಬೇಡಿ. ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಗಾಜಿನ ಸಮೇತವೇ ಪ್ರತಿ ತೆಗೆಯಿರಿ. ಅದರ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯಬೇ‍ಡಿ, ಒತ್ತು ಮುಂದಕ್ಕೆ ಮೂಡುತ್ತದೆ. ಮೆದು ಪೆನ್ಸಿಲ್ ಸಾಕು. ಸ್ಟುಡಿಯೋದ ಮುದ್ರೆ ಇದ್ದರೆ ಅದನ್ನೂ ಪ್ರತಿ ಮಾಡಿ. ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯರ ಮುಂದೆ ಕುಳಿತು ಯಾರು ಯಾರೆಂದು ಬರೆದುಕೊಳ್ಳಿ. ಕಾರಿನ ಜಾತಕ ಪುಸ್ತಕದಲ್ಲಿ ಸಿಗುತ್ತದೆ, ಮನುಷ್ಯರದು ಸಿಗುವುದಿಲ್ಲ. ಹೋಲಿಸಿ ನೋಡಲು ನಿಜವಾದ ಕಾರುಗಳೇ ಬೇಕೆಂದರೆ ಧರ್ಮಸ್ಥಳದ ಸಂಗ್ರಹವಿದೆ, ಬೆಂಗಳೂರು-ಮೈಸೂರು ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ 'ಪಯಣ' ವಸ್ತುಸಂಗ್ರಹಾಲಯವಿದೆ. ಕೊಯಮತ್ತೂರಿನ ಕಡೆ ಹೋದರೆ ಅಲ್ಲಿಯ ಜೀಡೀ ಕಾರು ಸಂಗ್ರಹಾಲಯ ನೋಡಬಹುದು. ಮಕ್ಕಳನ್ನು ಕರೆದುಕೊಂಡು ಹೋಗುವಾಗ ಮನೆಯ ಫೋಟೋದ ಪ್ರತಿಯೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ.

ದೊಡ್ಡತ್ತೆಯ ಫೋಟೋದಲ್ಲಿ ಹದಿನಾಲ್ಕು ಜನ ಬಸ್ಸೊಂದರ ಮುಂದೆ ಸಾಲಾಗಿ ನಿಂತಿದ್ದಾರೆ. ಬಸ್ಸು ಸ್ವಲ್ಪ ಓರೆಯಾಗಿ ನಿಂತಿರುವುದರಿಂದ ಹಿಂಭಾಗದಲ್ಲಿ ಹಂಡೆಯಂಥದೊಂದು ಉದ್ದನೆಯ ಉಕ್ಕಿನ ಪಾತ್ರೆ ಕಾಣುತ್ತದೆ. ಮಗಳಿಗೆ ಅದು ಏನೆಂದು ತಿಳಿಯಲಿಲ್ಲ. ಅಪ್ಪನಿಗೆ ತಿಳಿಯಿತು. ಇದ್ದಿಲ ಗ್ಯಾಸಿನ ಬಸ್ಸು! ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳಿಗೆ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರಿಂದ ಬರುವ ಅನಿಲದಲ್ಲಿ ಎಂಜಿನ್ ಓಡಿಸುತ್ತಿದ್ದರು. ಹೊರಡುವ ಮೊದಲು ಕ್ಲೀನರು ಬಹಳ ಹೊತ್ತು ಗಾಳಿ ತಿರುಗಿಸಬೇಕು. ಘಾಟಿಯಲ್ಲಿ ಪ್ರಯಾಣಿಕರು ಇಳಿದು ತಳ್ಳಬೇಕು. ಯುದ್ಧಕ್ಕೆ ಮೊದಲು ಇಲ್ಲಿ ಯಾರಿಗೂ ಆ ಒಲೆ ಬೇಕಿರಲಿಲ್ಲ, ಪೆಟ್ರೋಲ್ ಸರಾಗವಾಗಿ ಸಿಗತೊಡಗಿದ ಮೇಲೆ ಅದನ್ನು ಇಟ್ಟುಕೊಂಡವರಿಲ್ಲ. ಎರಡು ತುದಿಯನ್ನೂ ಹೇಳುವ ಸಾಕ್ಷಿ ಇಂಥದು ಅಪರೂಪಕ್ಕೆ ಸಿಗುತ್ತದೆ. ಫೋಟೋ 1940ರ ದಶಕದ್ದು. ಅಜ್ಜ ಇದ್ದ ಕಾಲ.

ಎಡದಿಂದ ಐದನೆಯವರು ಎಂದು ದೊಡ್ಡತ್ತೆ ಬೆರಳಿಟ್ಟು ತೋರಿಸಿದರು. ಮುಖ ಹುಣಸೆಬೀಜದಷ್ಟಿದೆ. ಕ್ಯಾಮೆರಾ ಕ್ಲಿಕ್ಕೆಂದಾಗ ತಲೆ ಸ್ವಲ್ಪ ಅಲುಗಿಸಿರಬೇಕು, ಕಣ್ಣು ಸ್ಪಷ್ಟವಾಗಿಲ್ಲ. ಮೂಗು ಕಾಣುತ್ತದೆ. ಅಪ್ಪ ಭೂತಗನ್ನಡಿ ಹಿಡಿದು ಕಿಟಕಿಯ ಬಳಿ ಕುಳಿತವರು ಕಾಫಿ ಆರಿಹೋದರೂ ಏಳಲಿಲ್ಲ.

ಈಗ ಜಗಲಿಯಲ್ಲಿ ಎರಡು ಫೋಟೋ ಇವೆ. ಚಿಕ್ಕಜ್ಜನ ಮೇಲಿನ ಹಾರವನ್ನು ಅಪ್ಪ ತೆಗೆದಿಲ್ಲ, ಅವರೂ ಹೋದವರೇ ತಾನೇ ಎನ್ನುತ್ತಾರೆ. ಬಸ್ಸಿನ ಮೂತಿ ಯಾವ ಕಂಪನಿಯದೆಂದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಲಾಂಛನವಿರುವ ಜಾಗದ ಮುಂದೆ ಮುಂಡಾಸಿನವರೊಬ್ಬರು ನಿಂತುಬಿಟ್ಟಿದ್ದಾರೆ. ಮಗಳು ಷೆವರ್ಲೆ ಎನ್ನುತ್ತಾಳೆ. ನನಗೆ ಫೋರ್ಡ್ ಎಂದು ಅನುಮಾನ. ಗ್ಯಾರೇಜಿನವರು ಮೊದಲ ಬಾರಿಗೆ ಕನ್ನಡಕ ಹಾಕಿಕೊಂಡು ನೋಡುತ್ತಿದ್ದಾರೆ.